ಗ್ವೆನೋಲ್ ಒಳಗೆ ಯಾರೂ ಇಲ್ಲ

ಬೆಳಗಿನ ನಾಲ್ಕೂಕಾಲು. ಬ್ರಿನ್‌ಗಾರೆಗ್ ರೈಲು ಶೆಡ್ಡಿನ ತಗಡಿನ ಬಾಗಿಲು ಒಂದಾಳು ನುಸುಳುವಷ್ಟು ಮಾತ್ರ ತೆರೆದಿದೆ. ಒಳಗೆ ಹೆಲೆದ್ ಪ್ರಾಸರ್ ಮಂಡಿಯೂರಿ ಕುಳಿತು ಇಂಜಿನ್ನಿನ ಒಲೆಯಿಂದ ನಿನ್ನೆಯ ಬೂದಿ ಗೋರುತ್ತಿದ್ದಾರೆ. ಎಣ್ಣೆಯಲ್ಲಿ ಅದ್ದಿದ ಬಟ್ಟೆ, ಸೀಳಿದ ಹಳೆಯ ಕಟ್ಟಿಗೆ, ಅದರ ಮೇಲೆ ಮುಷ್ಟಿಗಾತ್ರದ ಕಲ್ಲಿದ್ದಲು, ಎಲ್ಲವೂ ಪಕ್ಕದಲ್ಲಿ ಸಾಲಾಗಿ ಕಾಯುತ್ತಿವೆ. ಕಡ್ಡಿ ಗೀರುವ ಮೊದಲು ಅವರು ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ನೋಡುತ್ತಾರೆ. ಒಮ್ಮೆ ನೋಡಿ, ಬೆರಳಿನಿಂದ ಗಾಜು ಒರೆಸಿ, ಮತ್ತೊಮ್ಮೆ ನೋಡುತ್ತಾರೆ.

"ಏಳೇ ಸೋಮಾರಿ. ಇವತ್ತು ಶೂಟಿಂಗ್ ಇದೆ. ನಿನ್ನೆ ರಾತ್ರಿಯೆಲ್ಲ ಗೊರಕೆ ಹೊಡೆದದ್ದು ಸಾಲ್ದಾ?"

ಮಾತು ನನಗಲ್ಲ, ಇಂಜಿನ್ನಿಗೆ. ಎರಡಡಿ ಅಗಲದ ಹಳಿಯ ಮೇಲೆ ನಿಂತ ಈ ಹಸಿರು ಇಂಜಿನ್ನಿನ ಹೆಸರು ಗ್ವೆನೋಲ್. ಮುಂಭಾಗದಲ್ಲಿ ದುಂಡು ಮುಖ, ಬಟ್ಟಲಿನಷ್ಟು ದೊಡ್ಡ ಕಣ್ಣು, ಸ್ವಲ್ಪ ಜಂಬದ ಮೂಗು. ವೇಲ್ಸಿನ ಯಾವ ಮನೆಯಲ್ಲಿ ಐದು ವರ್ಷದ ಮಗುವಿದೆಯೋ ಆ ಮನೆಯಲ್ಲಿ ಶನಿವಾರ ಬೆಳಗ್ಗೆ ಈ ಮುಖ ಟೀವಿಯಲ್ಲಿ ಬರುತ್ತದೆ. ಮಾತನಾಡುವ ಪುಟ್ಟ ಉಗಿಬಂಡಿಗಳ ಆ ಧಾರಾವಾಹಿಗೆ ಈಗ ಹನ್ನೆರಡನೆಯ ವರ್ಷ, ಎಂಬತ್ತಮೂರು ಕಂತು. ಗ್ವೆನೋಲ್‌ಗೆ ಕಂಠ ಕೊಟ್ಟ ನಟಿಗೆ ಮಕ್ಕಳಿಂದ ಮೂಟೆಗಟ್ಟಲೆ ಪತ್ರ ಬರುತ್ತದೆ. ಕಥೆ ಬರೆದವರಿಗೆ ಪ್ರಶಸ್ತಿ ಬಂದಿದೆ. ಆದರೆ ಗ್ವೆನೋಲ್‌ಳನ್ನು ಓಡಿಸುವುದು ಯಾರು, ಅವಳ ಕಣ್ಣು ಹೊರಳಿಸುವುದು ಯಾರು ಎಂದು ಮಕ್ಕಳು ಯಾರೂ ಕೇಳಿಲ್ಲ. ಯಾಕೆಂದರೆ ಗ್ವೆನೋಲ್ ತಾನೇ ಓಡುತ್ತಾಳೆ. ಅವಳೊಳಗೆ ಯಾರೂ ಇಲ್ಲ.

ಆ "ಯಾರೂ ಇಲ್ಲ" ಎಂಬುವರಿಗೆ ಈಗ ಐವತ್ತೊಂಬತ್ತು ವರ್ಷ. ಎತ್ತರ ನಾಲ್ಕಡಿ ಹನ್ನೊಂದು ಅಂಗುಲ. ಈ ಊರಿನಲ್ಲಿ ಒಂದೇ ಹೆಸರಿನವರು ಹತ್ತಾರು ಮಂದಿ ಇರುವುದರಿಂದ ಕಸುಬನ್ನೇ ಹೆಸರಿಗೆ ಅಂಟಿಸುವುದು ವಾಡಿಕೆ. ಬ್ರೆಡ್ಡಿನ ಜೋನ್ಸ್, ಹಾಲಿನ ಜೋನ್ಸ್ ಎಂದ ಹಾಗೆ ಇವರು "ಹೆಲೆದ್ ನೇಬ್". ನೇಬ್ ಎಂದರೆ ಇಲ್ಲಿನ ಭಾಷೆಯಲ್ಲಿ ಯಾರೂ ಇಲ್ಲ ಎಂದರ್ಥ. ಹೋದ ವರ್ಷ ಇವರ ಬಗ್ಗೆ ಬರೆಯಲು ಎರಡು ಪತ್ರಿಕೆಯವರು ಬಂದು ಬಾಗಿಲು ತಟ್ಟಿದರು. ಇಬ್ಬರಿಗೂ ಚಹಾ ಕೊಟ್ಟು, ಬೆಣ್ಣೆ ಹಚ್ಚಿದ ಒಣದ್ರಾಕ್ಷಿ ಬ್ರೆಡ್ಡು ಕೊಟ್ಟು, ಏನೂ ಹೇಳದೆ ಕಳಿಸಿದರು. ಹತ್ತೊಂಬತ್ತು ವರ್ಷದಿಂದ ಇದೇ ಊರಿನಲ್ಲಿರುವ, ನಿಲ್ದಾಣದ ಚಹಾದಂಗಡಿಯಲ್ಲಿ ಅದೇ ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ನನಗೂ ಏಳು ವರ್ಷ ಬೇಡ ಎಂದೇ ಹೇಳಿದ್ದರು. ಈಗ ಯಾಕೆ ಒಪ್ಪಿದರು ಎಂಬುದಕ್ಕೆ ಕೊನೆಗೆ ಬರುತ್ತೇನೆ.

ಆರು ಗಂಟೆಗೆ ಉಗಿ ಏಳತೊಡಗುತ್ತದೆ. ಹೆಲೆದ್ ಕಂಬಳಿ ಬಟ್ಟೆಯಿಂದ ಹಿತ್ತಾಳೆ ಉಜ್ಜುತ್ತ, ಒಲೆಗೆ ಆಗಾಗ ಒಂದೊಂದು ಸಲಿಕೆ ಎಸೆಯುತ್ತ ತಮ್ಮ ಆಸನ ತೋರಿಸುತ್ತಾರೆ. ಅದೊಂದು ಹಾಲು ಕರೆಯುವ ಮರದ ಸ್ಟೂಲು. ಕಾಲುಗಳನ್ನು ಎರಡಂಗುಲ ಗರಗಸದಿಂದ ಕೊಯ್ದಿದ್ದಾರೆ. ನೆಲದಿಂದ ಒಂಬತ್ತೇ ಅಂಗುಲ. ಅದರ ಮೇಲೆ ಕುಕ್ಕುರು ಕುಳಿತರೆ ಅವರ ತಲೆ ಚಾಲಕರು ನಿಲ್ಲುವ ಕ್ಯಾಬಿನ ಪಕ್ಕದ ತಗಡಿಗಿಂತ ನಾಲ್ಕು ಬೆರಳು ಕೆಳಗಿರುತ್ತದೆ. ಹೊರಗಿನಿಂದ ನೋಡಿದರೆ ಕ್ಯಾಬು ಖಾಲಿ. ಬಲಗೈಯಲ್ಲಿ ಉಗಿ ಬಿಡುವ ಹಿಡಿ ಇರುತ್ತದೆ. ಎಡಗೈಯಲ್ಲಿ ಎರಡು ಪುಟ್ಟ ಸನ್ನೆಕೋಲು, ಒಂದು ಕಣ್ಣುಗುಡ್ಡೆಗೆ, ಇನ್ನೊಂದು ರೆಪ್ಪೆಗೆ. ಬಾಯಿಗೆ ಕಾಲಿನ ಕೆಳಗೊಂದು ಪೆಡಲು. ಎಲ್ಲವೂ ಸೈಕಲ್ಲಿನ ಬ್ರೇಕ್ ತಂತಿಗಳು, ಬಾಯ್ಲರಿನ ಪಕ್ಕದ ಟೊಳ್ಳು ಸರಳಿನೊಳಗಿಂದ ಹಾದು ಮುಖದವರೆಗೆ ಹೋಗುತ್ತವೆ.

ದಾರಿ ಕಾಣುವುದು ಹೇಗೆ ಎಂದು ಕೇಳಿದೆ.

"ಇದ್ರಲ್ಲಿ" ಎಂದು ಒಡೆದ ಬಸ್ಸಿನ ಕನ್ನಡಿಯ ಚೂರೊಂದನ್ನು ತೋರಿಸಿದರು. ತಗಡಿನ ತೂತಿನ ಹತ್ತಿರ ಓರೆಯಾಗಿ ಸಿಕ್ಕಿಸಿದ್ದಾರೆ. "ಒಂದು ಹಳಿ ಮಾತ್ರ ಕಾಣತ್ತೆ. ಇನ್ನೊಂದು ಅದರ ಪಕ್ಕದಲ್ಲೇ ಇರತ್ತೆ ಅಂತ ನಂಬಿಕೆ! ಉಳಿದದ್ದು ಕಿವಿ. ಹಳಿಯ ಜೋಡಣೆ ಟಕ್ ಟಕ್ ಅಂತಾವಲ್ಲ, ಎಣಿಸ್ತೀನಿ. ಬೆಟ್ಟದ ಮೇಲಿನ ಗಣಿಯಿಂದ ಮೊದಲ ಗೇಟಿಗೆ ನಾನೂರ ಹದಿನೇಳು. ಗೇಟುಗೇಟಿಗೂ ನಮ್ಮವರು ಕೈಗಂಟೆ ಹಿಡ್ಕೊಂಡು ನಿಂತಿರ್ತಾರೆ. ಗಂಟೆ ಕೇಳಿದ್ರೆ ಬ್ರೇಕು. ಶೂಟಿಂಗ್ ದಿನ ಹಳಿ ಮೇಲೆ ಬೇರೆ ಗಾಡಿ ಇರಲ್ಲ, ಕುರಿ ಬಿಟ್ರೆ."

ಹೆಲೆದ್ ಹುಟ್ಟಿದ್ದು ಗಣಿಯ ಕೆಳಗಿನ ಸಾಲುಮನೆಯಲ್ಲಿ. ಅಪ್ಪ ಸ್ಲೇಟುಕಲ್ಲಿನ ಗಣಿಯಲ್ಲಿ ಕಲ್ಲು ಸೀಳುವವರು. ಆ ದೂಳು ಎದೆಗಿಳಿದು ಐವತ್ನಾಲ್ಕಕ್ಕೇ ತೀರಿಕೊಂಡರು. ಹೆಲೆದ್ ಇಪ್ಪತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದರು. ಸೀಟಿನ ಮೇಲೆ ಎರಡು ದಿಂಬು ಹಾಕಿಕೊಂಡು ಓಡಿಸುತ್ತಿದ್ದರು ಎಂದು ಊರವರು ಈಗಲೂ ಛೇಡಿಸುತ್ತಾರೆ. ರಜೆಯಲ್ಲಿ ರೈಲು ಶೆಡ್ಡಿಗೆ ಬಂದು ಬಿಟ್ಟಿಯಾಗಿ ಇಂಜಿನ್ ಒರೆಸುತ್ತ, ಬೆಂಕಿ ಹಾಕುವುದನ್ನು ಕಲಿತು, ನಾಲ್ಕು ವರ್ಷದಲ್ಲಿ ಚಾಲಕಿಯ ಪರೀಕ್ಷೆ ಪಾಸು ಮಾಡಿದರು.

ಧಾರಾವಾಹಿಯ ಮೊದಲ ವರ್ಷ ಗ್ವೆನೋಲ್‌ಳನ್ನು ಓಡಿಸಿದ್ದು ಶೆಡ್ಡಿನ ಮೇಸ್ತ್ರಿ ಎಮ್ರಿಸ್ ಟ್ಯೂಡರ್. ಆರಡಿ ಎರಡಂಗುಲದ ಆಸಾಮಿ. ಎಷ್ಟು ಮುದುಡಿ ಕುಳಿತರೂ ಟೋಪಿ ಇಣುಕುತ್ತಿತ್ತು. ಮೂರನೆಯ ಕಂತು ಬಂದ ವಾರವೇ ಮಕ್ಕಳ ಪತ್ರಗಳ ಸುರಿಮಳೆ. "ಗ್ವೆನೋಲ್‌ಳನ್ನು ಕದ್ದುಕೊಂಡು ಹೋಗುತ್ತಿರುವ ಆ ಮುದುಕ ಯಾರು? ಪೊಲೀಸರಿಗೆ ಹೇಳಿದ್ದೀರಾ?"

ಈಗ ಎಪ್ಪತ್ನಾಲ್ಕರ ಎಮ್ರಿಸ್ ಆ ಕಥೆಯನ್ನು ತಾವೇ ಹೇಳಿಕೊಂಡು ನಗುತ್ತಾರೆ. "ನಾನು ಇವಳ ಕಡೆ ನೋಡಿದೆ. ಪೀಪಾಯಿ ಪಕ್ಕ ನಿಂತಿದ್ಲು, ಪೀಪಾಯಿನೇ ಎತ್ತರ ಇತ್ತು. ಸಿಕ್ಕಿದ್ಲು ನಮ್ಮ ಹೀರೋಯಿನ್ ಅಂದೆ."

"ಸ್ಕೂಲಲ್ಲಿ ಪ್ರತಿ ಫೋಟೋದಲ್ಲೂ ಕುಳ್ಳಿ ಅಂತ ಮುಂದಿನ ಸಾಲಲ್ಲಿ ನಿಲ್ಲಿಸಿದ್ರು" ಎನ್ನುತ್ತಾರೆ ಹೆಲೆದ್. "ಕುಳ್ಳಿಗೊಂದು ಕೆಲಸ ಸಿಕ್ತು, ಅದೂ ಫೋಟೋದಲ್ಲಿ ಕಾಣಬಾರದ ಕೆಲಸ!"

ಕೆಲಸ ಸುಲಭದ್ದಲ್ಲ. ಮೊಣಕಾಲ ಪಕ್ಕದಲ್ಲೇ ಒಲೆಯ ಬಾಗಿಲು. ಬಲಗಾಲಿನ ಮೀನಖಂಡದ ಮೇಲೆ ಅಂಗೈ ಅಗಲದ ಸುಟ್ಟ ಕಲೆ ಇದೆ. ಒಂದು ಕಂತಿಗೆ ಸುಮಾರು ಒಂಬತ್ತು ದಿನ ಚಿತ್ರೀಕರಣ. ದಿನಕ್ಕೆ ಐದಾರು ಗಂಟೆ ಆ ಸ್ಟೂಲಿನ ಮೇಲೆ ಕುಕ್ಕುರು. ಎರಡು ಮಂಡಿಗೂ ಶಸ್ತ್ರಚಿಕಿತ್ಸೆಯಾಗಿದೆ. ಬೇಸಿಗೆಯಲ್ಲಿ ಬೆವರು ಬೂಟಿಗಿಳಿಯುತ್ತದೆ, ಚಳಿಗಾಲದಲ್ಲಿ ಎದೆ ಬೆಂದು ಬೆನ್ನು ಹೆಪ್ಪುಗಟ್ಟುತ್ತದೆ. ಇಷ್ಟಾದರೂ ಹನ್ನೊಂದು ವರ್ಷದಲ್ಲಿ ಒಂದೇ ಒಂದು ದೃಶ್ಯದಲ್ಲೂ ಅವರ ಕೂದಲೆಳೆ ಕಂಡಿಲ್ಲ. ಸ್ವಂತ ಅಕ್ಕ ಟೀವಿ ಮುಂದೆ ಕುಳಿತು "ಟೀವಿಯಲ್ಲಿ ಬರ್ತೀನಿ ಬರ್ತೀನಿ ಅಂತೀಯ, ಎಲ್ಲೇ ಇದ್ದೀಯ?" ಎಂದು ಅಣಕಿಸುತ್ತಾಳಂತೆ. "ಕಾಣಿಸ್ಲಿಲ್ವಾ? ಹಾಗಾದ್ರೆ ಚೆನ್ನಾಗೇ ಮಾಡಿದ್ದೀನಿ" ಎಂಬುದು ಇವರ ಉತ್ತರ.

ಗುಟ್ಟು ಕಾಪಾಡುವುದರಲ್ಲಿ ಊರಿಗೆ ಊರೇ ಪಾಲುದಾರ. ಮಗುವಿಗೆ ಹನ್ನೊಂದು ತುಂಬಿ ದೊಡ್ಡ ಶಾಲೆಗೆ ಹೋಗುವ ಹಿಂದಿನ ದಿನ ಮನೆಯವರು ಅದನ್ನು ಶೆಡ್ಡಿಗೆ ಕರೆತರುತ್ತಾರೆ. ಎಮ್ರಿಸ್ ಬಾಗಿಲು ಹಾಕಿ, ಸ್ಟೂಲು ತೋರಿಸಿ, ಕಲ್ಲಿದ್ದಲಿನ ಮೇಲೆ ಕೈ ಇಡಿಸಿ ಆಣೆ ಮಾಡಿಸುತ್ತಾರೆ. ತಮ್ಮ ತಂಗಿಯರಿಗೆ ಹೇಳುವಂತಿಲ್ಲ. ನನ್ನ ಮಗಳೂ ಹಾಗೆ ಆಣೆ ಮಾಡಿದವಳೇ. ಮನೆಗೆ ಬಂದು ಅರ್ಧ ಗಂಟೆ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು "ಈಗ ನಾನೂ ದೊಡ್ಡವಳು" ಎಂದಳು.

ಹೋದ ವರ್ಷದ ವಸಂತದಲ್ಲಿ ಈ ಎಲ್ಲದಕ್ಕೂ ಕುತ್ತು ಬಂತು. ಟೀವಿ ವಾಹಿನಿಯ ಹೊಸ ಮಂಡಳಿ ಒಂದು ಕಾಗದ ಕಳಿಸಿತು. ಈಗಿನ ಮಕ್ಕಳಿಗೆ ತಂತಿ ಎಳೆದು ಆಡಿಸುವ ಮುಖ ಸಾಲದು, ಮುಂದಿನ ವರ್ಷದಿಂದ ಇಂಜಿನ್ನುಗಳನ್ನು ಕಂಪ್ಯೂಟರಿನಲ್ಲೇ ಬಿಡಿಸಲಾಗುವುದು. ಊರಿನವರು ಗೋಗರೆದ ಮೇಲೆ ಒಂದೇ ಒಂದು ಅವಕಾಶ ಕೊಟ್ಟರು. ಕ್ರಿಸ್‌ಮಸ್‌ಗೆ ಒಂದು ಗಂಟೆಯ ವಿಶೇಷ ಕಂತು ನಿಜವಾದ ಇಂಜಿನ್ನಿನಲ್ಲೇ ಆಗಲಿ. ಅದನ್ನು ಮೊದಲು ಮಕ್ಕಳಿಗೆ ತೋರಿಸುತ್ತೇವೆ. ಮಕ್ಕಳು ಆಕಳಿಸಿದರೆ ಅಲ್ಲಿಗೆ ಮುಗಿಯಿತು.

"ಬೊಂಬೆ ಮಾಡ್ಲಿ, ಚಿತ್ರ ಬರೀಲಿ, ನನಗೇನು" ಎಂದರು ಹೆಲೆದ್, ಆ ದಿನ ನೆನೆದು. ಆಮೇಲೆ ಸ್ವಲ್ಪ ಹೊತ್ತು ಹಿತ್ತಾಳೆ ಉಜ್ಜಿದರು. "ಈಗ ಹೇಳಿದ್ದು ಸುಳ್ಳು. ಎದೆ ಒಡೆದುಹೋಯ್ತು. ಅವಳು ಉಸಿರಾಡ್ತಾಳೆ ಕಣೇ. ಉಸಿರಾಡೋಳನ್ನ ಮೂಲೆಗೆ ತಳ್ಳಿ, ಅವಳ ಚಿತ್ರಕ್ಕೆ ಮಾತು ಕಲಿಸ್ತೀವಿ ಅಂದ್ರೆ?"

ವಿಶೇಷ ಕಂತಿನ ಕಥೆ ಸರಳವಾಗಿತ್ತು. ಗಣಿ ಮುಚ್ಚುತ್ತದೆ. ಬ್ರೋಖ್ ಎಂಬ ಮುದಿ ಇಂಜಿನ್ನು ಬೆಟ್ಟದ ಮೇಲೇ ಉಳಿಯಬೇಕು. ಅವನ ಗೆಳತಿ ಗ್ವೆನೋಲ್ ಒಬ್ಬಳೇ ಬೆಟ್ಟ ಇಳಿದು ಹೋಗಬೇಕು. ಹೊಸ ನಿರ್ದೇಶಕ ಗೆತಿನ್ ಮಾಡಾಕ್ಸ್, ಮೂವತ್ತೆರಡರ ಹುಡುಗ, ಬಲು ಚುರುಕು. ಇಳಿದು ಬರುವ ಗ್ವೆನೋಲ್ ಮುಖ ಕೆಳಗಿನ ಕ್ಯಾಮೆರಾಕ್ಕೆ ನೇರ ಕಾಣಬೇಕು ಎಂದ. ಆದರೆ ನಮ್ಮ ಹಳಿಯ ಮೇಲೆ ಇಂಜಿನ್ನಿನ ಚಿಮಣಿ ಯಾವಾಗಲೂ ಬೆಟ್ಟದ ಕಡೆಗೇ. ಹತ್ತುವಾಗ ಮುಖ ಮುಂದು, ಇಳಿಯುವಾಗ ಬೆನ್ನು ಮುಂದು. ಗೆತಿನ್ ಅದಕ್ಕೂ ಉಪಾಯ ಮಾಡಿದ್ದ. ಕ್ರೇನ್ ಲಾರಿ ತರಿಸಿ ಇಂಜಿನ್ನನ್ನೇ ಎತ್ತಿ ತಿರುಗಿಸಿ ಇಡುವುದು.

ಲಾರಿ ಬಂದೇ ಬಂತು. ಎಮ್ರಿಸ್ ಕೂಡ ಮೆತ್ತಗಾಗಿದ್ದರು. ಕೊನೆಯ ಅವಕಾಶ, ಒಂದೇ ದಿನ, ನೀರು ಕಂಠಮಟ್ಟ ತುಂಬಿಸಿದರಾಯಿತು ಎಂದರು. ಹೆಲೆದ್ ಕ್ಯಾಬಿನಿಂದ ಸ್ಟೂಲು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹಳಿಯ ನಡುವೆ ನಿಂತರಂತೆ.

"ಪಾತ್ರೆ ಓರೆ ಮಾಡಿದ್ರೆ ನೀರು ಯಾವ ಕಡೆ ಹೋಗತ್ತಪ್ಪ?" ಎಂದು ಗೆತಿನ್‌ನನ್ನು ಕೇಳಿದರು.

"ಕೆಳಗಿನ ಕಡೆಗೆ."

"ಒಲೆ ಇರೋದು ನನ್ನ ಕಾಲ ಹತ್ರ. ಚಿಮಣಿ ಕೆಳಗೆ ಮಾಡಿದ್ರೆ ನೀರೆಲ್ಲ ಅತ್ತ ಸರಿಯತ್ತೆ. ಒಲೆಯ ನೆತ್ತಿ ಒಣಗಿ ಕೆಂಪಾಗತ್ತೆ. ಆಮೇಲೆ ನಿನ್ನ ಗ್ವೆನೋಲ್ ಮಾತಾಡಲ್ಲ, ಸಿಡೀತಾಳೆ. ತಿರುಗಿಸಲೇಬೇಕು ಅಂದ್ರೆ ತಗೋ ಸ್ಟೂಲು, ನೀನೇ ಕೂತ್ಕೋ."

"ಹಾಗಾದ್ರೆ ಅವಳ ಮುಖ ತೋರಿಸೋದು ಹೇಗೆ? ಗೆಳೆಯನ್ನ ಬಿಟ್ಟು ಹೋಗೋಳು ಬೆನ್ನು ತೋರಿಸ್ಕೊಂಡು ಬಂದ್ರೆ ಯಾರಿಗೆ ಅಳು ಬರತ್ತೆ?"

ಹೆಲೆದ್ ಆಗ ಹೇಳಿದ್ದನ್ನು ಎಮ್ರಿಸ್ ನನಗೆ ಅಕ್ಷರಕ್ಕೆ ಅಕ್ಷರ ಒಪ್ಪಿಸಿದ್ದಾರೆ. "ಕ್ಯಾಮೆರಾ ಕೆಳಗ್ಯಾಕೆ ಇಡ್ತೀಯ? ಮೇಲೆ ಬ್ರೋಖ್ ಪಕ್ಕ ಇಡು. ನಮ್ಮಪ್ಪ ಗಣಿಗೆ ಹೋಗುವಾಗ ಮನೆ ಗೇಟಿಂದ ತಿರುವಿನ ತನಕ ಹಿಂದಕ್ಕೆ ಹಿಂದಕ್ಕೇ ನಡೀತಿದ್ದ, ನಾನು ಅಳಬಾರದು ಅಂತ ಮುಖ ತೋರಿಸ್ಕೊಂಡು. ಇಷ್ಟ ಇರೋರನ್ನ ಬಿಟ್ಟು ಹೋಗೋರು ಹಾಗೇ ಹೋಗೋದು."

ಗೆತಿನ್ ಕ್ಯಾಮೆರಾದವರನ್ನು ಬೆಟ್ಟದ ಮೇಲಕ್ಕೆ ಕಳಿಸಿದ. ಆಮೇಲೆ ಲಾರಿಯವನಿಗೆ ಹೋಗಪ್ಪ ಎಂದ.

ಅಕ್ಟೋಬರಿನ ಆ ಮಧ್ಯಾಹ್ನ ನಾನೂ ಗಣಿಯ ಮೇಲಿದ್ದೆ, ಎಲ್ಲರಿಗೂ ಸೂಪು ಹಂಚುತ್ತ. ಮಂಜು ಸರಿದು ಬಿಸಿಲು ಬಿದ್ದದ್ದು ಹತ್ತೇ ನಿಮಿಷ. ಒಂದೇ ಅವಕಾಶ, ಎರಡನೆಯ ಸಲ ಇಲ್ಲ. ಸೀಟಿ ಕೂಗಿತು. ಗ್ವೆನೋಲ್ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿದಳು. ಕಥೆಯಂತೆ ಅವಳು ಪಕ್ಕದ ಹಳಿಯಲ್ಲಿ ನಿಂತ ಬ್ರೋಖ್ ಕಡೆ ಕಣ್ಣು ಹೊರಳಿಸಬೇಕಿತ್ತು. ಆದರೆ ಅವಳು ತಟ್ಟನೆ ಇನ್ನೊಂದು ಕಡೆ, ಖಾಲಿ ಬಂಡೆಯ ಕಡೆ ನೋಡಿದಳು. ಒಂದು ಉಸಿರು, ಎರಡು ಉಸಿರು. ರೆಪ್ಪೆ ಮುಚ್ಚಿತು. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ ಕಣ್ಣು ತೆರೆದು ಬ್ರೋಖ್‌ನ ಕಡೆ ಹೊರಳಿತು. ತಿರುವಿನಲ್ಲಿ ಮರೆಯಾಗುವ ತನಕ ಅಲ್ಲೇ ನೆಟ್ಟಿತ್ತು. ಕಬ್ಬಿಣದ ಇಂಜಿನ್ನಿಗಾಗಿ ನಾನು ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಗೆತಿನ್ ಇಳಿಜಾರಿನಲ್ಲಿ ಓಡಿಹೋಗಿ ಕ್ಯಾಬಿನೊಳಗೆ ತಲೆ ಹಾಕಿ ಕೂಗಿದನಂತೆ. "ಮೊದಲು ನೋಡಲಾರದೆ ಮುಖ ತಪ್ಪಿಸಿದ್ದು, ಆಮೇಲೆ ಧೈರ್ಯ ತಂದ್ಕೊಂಡು ನೋಡಿದ್ದು, ಅದು ಹೇಗೆ ಹೊಳೀತು ನಿಮಗೆ?"

"ನನಗೇನು ಗೊತ್ತು, ಗ್ವೆನೋಲ್‌ನ ಕೇಳು" ಎಂದುಬಿಟ್ಟರು ಹೆಲೆದ್.

ನಿಜ ಸಂಗತಿ ನನಗೆ ಗೊತ್ತಾದದ್ದು ಇವತ್ತು ಬೆಳಗ್ಗೆ, ಬೆಂಕಿಯ ಮುಂದೆ. "ಅದು ತಪ್ಪು ಕಣೇ, ಶುದ್ಧ ತಪ್ಪು" ಎಂದು ಅವರು ಸ್ಟೂಲಿನ ಮೇಲೆ ಕುಳಿತು ತೋರಿಸಿದರು. ಹತ್ತುವಾಗ ಅವರು ಸನ್ನೆಗಳಿಗೆ ಎದುರಾಗಿ ಕೂರುತ್ತಾರೆ. ಇಳಿಯುವಾಗ ದಾರಿ ನೋಡಲು ಕನ್ನಡಿ ಆ ಕಡೆಗೆ ಸಿಕ್ಕಿಸಿ, ಸ್ಟೂಲು ತಿರುಗಿಸಿ, ಸನ್ನೆಗಳಿಗೆ ಬೆನ್ನು ಹಾಕಿ ಕೂರಬೇಕು. ಒಂದು ಕೈ ಬ್ರೇಕಿನ ಮೇಲಿದ್ದರೆ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಚಾಚಿ ಕಣ್ಣು ಆಡಿಸಬೇಕು. ಆಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. "ಹನ್ನೊಂದು ವರ್ಷದಲ್ಲಿ ಇಳಿಯುವಾಗ ಅವಳ ಮುಖ ಯಾರೂ ತೆಗೆದಿರ್ಲಿಲ್ಲ. ಬೆನ್ನ ಹಿಂದೆ ಕಣ್ಣು ಆಡಿಸಿದ್ದು ಅದೇ ಮೊದ್ಲು. ತಿರುಗಿಸಿದ ಮೇಲೆ ಅಯ್ಯೋ ಅಂತ ಹೊಳೀತು. ಗಾಬರಿಯಾಗಿ ರೆಪ್ಪೆ ಮುಚ್ಚಿಬಿಟ್ಟೆ. ಏನು ಮಾಡೋದು ಅಂತ ಯೋಚಿಸೋಕೆ ಒಂದು ಗಳಿಗೆ ಬೇಕಿತ್ತು. ಆಮೇಲೆ ಮೆಲ್ಲಗೆ ಸರಿ ಮಾಡ್ದೆ. ಬೇಗ ಎಳೆದ್ರೆ ತಂತಿ ಕಿತ್ತು ಬರತ್ತೇನೋ ಅಂತ ಭಯ, ಅದಕ್ಕೇ ಅಷ್ಟು ನಿಧಾನ!"

ಡಿಸೆಂಬರಿನ ಮೊದಲ ಶನಿವಾರ ನಮ್ಮ ಸ್ಮಾರಕ ಭವನದಲ್ಲಿ ನೂರ ನಲವತ್ತು ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ಆ ಕಂತು ತೋರಿಸಿದರು. ಮಂಡಳಿಯ ನಾಲ್ವರು ಪರದೆಗೆ ಬೆನ್ನು ಹಾಕಿ, ಮಕ್ಕಳ ಮುಖ ನೋಡುತ್ತ ಕುಳಿತರು. ಹೆಲೆದ್ ಭವನದ ಅಡುಗೆಮನೆಯಲ್ಲಿ ಲೋಟ ತೊಳೆಯುವ ನೆಪದಲ್ಲಿ ಅವಿತಿದ್ದರು. ನಲ್ಲಿ ಮಾತ್ರ ತೆರೆದಿರಲಿಲ್ಲ.

ಗ್ವೆನೋಲ್ ಹಿಂದೆ ಹಿಂದೆ ಸರಿಯತೊಡಗಿದಳು. ಅವಳು ಕಣ್ಣು ತಪ್ಪಿಸಿದಳು. ಮೂರನೆಯ ಸಾಲಿನಿಂದ ಒಬ್ಬಳು ಪುಟ್ಟ ಹುಡುಗಿ ಬೆಂಚಿನ ಮೇಲೆ ಎದ್ದು ನಿಂತು ಕಿರುಚಿದಳು. "ಗ್ವೆನೋಲ್! ಆ ಕಡೆ ಅಲ್ಲ! ಬ್ರೋಖ್ ಈ ಕಡೆ ಇದ್ದಾನೆ!" ಅಷ್ಟೇ. ನೂರ ನಲವತ್ತು ಮಕ್ಕಳೂ ಬೆಂಚು ಹತ್ತಿ "ಈ ಕಡೆ! ಈ ಕಡೆ!" ಎಂದು ಕೈ ಬೀಸಿ ಕೂಗಿದರು. ಕಣ್ಣು ತೆರೆದು ಹೊರಳಿ ಬ್ರೋಖ್‌ನನ್ನು ಕಂಡಿತು. ಆಗ ಎದ್ದ ಕೇಕೆಗೆ ಸೂರಿನ ದೂಳು ಉದುರಿತು. ಮಂಡಳಿಯವರಲ್ಲಿ ಒಬ್ಬಾಕೆ ತಡೆಯಲಾರದೆ ತಿರುಗಿ ಪರದೆಯನ್ನೇ ನೋಡತೊಡಗಿದಳು. ಅಡುಗೆಮನೆಯಲ್ಲಿ ಒಂದು ಲೋಟ ಬಿದ್ದು ಒಡೆದ ಸದ್ದು ನನಗೊಬ್ಬಳಿಗೇ ಕೇಳಿಸಿತು.

ಹತ್ತು ದಿನದಲ್ಲಿ ಕಾಗದ ಬಂತು. ಇನ್ನೂ ಮೂರು ವರ್ಷ ಧಾರಾವಾಹಿ ನಡೆಯುತ್ತದೆ, ನಿಜವಾದ ಹಳಿಯ ಮೇಲೆ, ನಿಜವಾದ ಉಗಿಯಲ್ಲಿ. ಕಂಪ್ಯೂಟರಿನ ಮಾತು ಎತ್ತಿದವರೇ ಕಂತಿನ ಕೊನೆಯಲ್ಲಿ ಹೆಲೆದ್ ಅವರ ಹೆಸರನ್ನು ಪರದೆಯ ಮೇಲೆ ಹಾಕುತ್ತೇವೆ ಎಂದು ಕೇಳಿಕೊಂಡರು. ಹೆಲೆದ್ ಬೇಡವೆಂದರು. ಒತ್ತಾಯ ಮಾಡಿದ್ದಕ್ಕೆ ಒಂದು ಸಾಲು ಬರೆದುಕೊಟ್ಟರು. ಹೊಸ ಕಂತುಗಳ ಕೊನೆಯಲ್ಲಿ ಅದು ಬರುತ್ತದೆ: "ಗ್ವೆನೋಲ್‌ಳ ಪಾತ್ರದಲ್ಲಿ ಗ್ವೆನೋಲ್."

ಈಗ ಗಂಟೆ ಒಂಬತ್ತೂವರೆ. ಹೊಸ ಕಂತಿನ ಮೊದಲ ದೃಶ್ಯ ಮುಗಿದಿದೆ. ಬೇಲಿಯಾಚೆ ಮೂವತ್ತು ಮಕ್ಕಳು ಕೈ ಬೀಸುತ್ತಿದ್ದಾರೆ. ಖಾಲಿ ಕ್ಯಾಬಿನ ಗ್ವೆನೋಲ್ ಅವರತ್ತ ಒಮ್ಮೆ ಕಣ್ಣು ಮಿಟುಕಿಸಿ ಶೆಡ್ಡಿನೊಳಗೆ ಸರಿಯುತ್ತಾಳೆ. ಎಮ್ರಿಸ್ ದಡಕ್ಕನೆ ಬಾಗಿಲು ಎಳೆಯುತ್ತಾರೆ. ಐದು ನಿಮಿಷದ ಬಳಿಕ ಹೆಲೆದ್ ಮುಖ ತೊಳೆದು, ಕೋಟು ಹಾಕಿ, ಹಿಂಬಾಗಿಲಿನಿಂದ ಸುತ್ತಿಕೊಂಡು, ಕೈಯಲ್ಲಿ ಹಾಲಿನ ಬಾಟಲಿ ಹಿಡಿದು ಅಂಗಡಿಯಿಂದ ಬರುವವರಂತೆ ಬರುತ್ತಾರೆ. ಕುಂಟುತ್ತಾರೆ, ಆದರೆ ಬೀಗುತ್ತಲೇ ಕುಂಟುತ್ತಾರೆ.

"ಮಿಸೆಸ್ ಪ್ರಾಸರ್! ಈ ಸಲವೂ ನೋಡೋದು ತಪ್ಪಿಸ್ಕೊಂಡ್ರಿ! ಗ್ವೆನೋಲ್ ಈಗಷ್ಟೇ ಒಳಗೆ ಹೋದ್ಲು!"

"ಹೌದಾ? ಛೆ! ನನ್ನ ಹಣೆಬರಹ ನೋಡಿ. ಒಳಗೆ ಯಾರಿದ್ರು?"

"ಯಾರೂ ಇಲ್ಲ! ನಾವು ಚೆನ್ನಾಗಿ ನೋಡಿದ್ವಿ!"

ಅವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಾರೆ. ಯಾವ ಪ್ರಶಸ್ತಿ ತೆಗೆದುಕೊಂಡವರ ಮುಖದಲ್ಲೂ ನಾನು ಆ ಕಳೆ ಕಂಡಿಲ್ಲ.

ಅಂದ ಹಾಗೆ, ನನಗೆ ಯಾಕೆ ಒಪ್ಪಿದರು ಎಂದಿದ್ದೆನಲ್ಲ. ಹೋದ ತಿಂಗಳು ಎಂಟನೆಯ ಸಲ ಕೇಳಿದಾಗ ಅವರು ಯಾವ ಭಾಷೆಯಲ್ಲಿ ಬರೀತೀಯ ಎಂದರು. ಕನ್ನಡದಲ್ಲಿ ಎಂದೆ. ನಾನು ಬರೆಯುವ ಕನ್ನಡ ಪತ್ರಿಕೆಯ ಪುರವಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ದುಂಡು ದುಂಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. "ಈ ಕಣಿವೆಯಲ್ಲಿ ಇದನ್ನ ಓದೋ ಮಕ್ಕಳು ಎಷ್ಟಿದ್ದಾರೆ?" ಎಂದು ಕೇಳಿದರು. ನನ್ನ ಮಗಳೊಬ್ಬಳೇ, ಅವಳು ಆಗಲೇ ಆಣೆ ಮಾಡಿದವಳು ಎಂದೆ. "ಹಾಗಾದ್ರೆ ಬರಿ. ಎಲ್ಲ ಬರಿ. ತಪ್ಪು ಮಾಡಿದ್ದೂ ಬರಿ" ಎಂದರು. ಫೋಟೋ ಮಾತ್ರ ಬೇಡ. ಆದ್ದರಿಂದ ಇದರ ಜೊತೆಗಿರುವ ಚಿತ್ರದಲ್ಲಿ ಒಂದು ಮರದ ಸ್ಟೂಲು ಮಾತ್ರ ಇದೆ.

ಇವತ್ತು ನಾನು ಹೊರಟಾಗ ಏನೋ ನೆನಪಾದವರಂತೆ ಬೇಲಿಯ ತನಕ ಬಂದು ಕೂಗಿದರು.

"ಏ, ನಿಮ್ಮೂರ ಕಡೆ ಮಕ್ಕಳಿಗೆ ರೈಲು ಅಂದ್ರೆ ಇಷ್ಟಾನಾ?"

"ಪ್ರಾಣ" ಎಂದೆ.

ಅವರು ಬೇಲಿಯ ಮೇಲೆ ಕೈಯೂರಿದರು. "ಹಾಗಾದ್ರೆ ಅವರ ಅಪ್ಪ ಅಮ್ಮಂದಿರಿಗೆ ನನ್ನದೊಂದು ಕೋರಿಕೆ ಅಂತ ಬರಿ. ಓದಿದ ಮೇಲೆ ಪೇಪರನ್ನ ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ."